ಕ್ಷಯದ ಕೊನೆಯ ರೋಗಾಣು: ಆರು ತಿಂಗಳ ಔಷಧದ ಹಿಂದಿನ ಲೆಕ್ಕ

ಕ್ಷಯಕ್ಕೆ ಔಷಧ ಶುರುವಾಗಿ ಕೆಲವು ವಾರ ಕಳೆಯುವ ಹೊತ್ತಿಗೆ ಹೆಚ್ಚಿನ ರೋಗಿಗಳಿಗೆ ಜ್ವರ ಬಿಟ್ಟಿರುತ್ತದೆ, ಕೆಮ್ಮು ಇಳಿದಿರುತ್ತದೆ, ಊಟ ರುಚಿಸತೊಡಗಿರುತ್ತದೆ. ಎರಡು ತಿಂಗಳಾಗುವಷ್ಟರಲ್ಲಿ ಬಹುತೇಕರ ಕಫದಲ್ಲಿ ರೋಗಾಣು ಸಿಗುವುದಿಲ್ಲ. ಆದರೂ ಇನ್ನೂ ನಾಲ್ಕು ತಿಂಗಳು ಮಾತ್ರೆ ನುಂಗಲೇಬೇಕು ಎನ್ನುತ್ತಾರೆ ವೈದ್ಯರು. ಯಾಕೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, "ಕೋರ್ಸ್ ಪೂರ್ತಿ ಮಾಡಬೇಕು." ಇದು ಅಪ್ಪಣೆಯಾಯಿತೇ ಹೊರತು ವಿವರಣೆಯಾಗಲಿಲ್ಲ.

ಆ ನಾಲ್ಕು ತಿಂಗಳು ಔಷಧ ಕೊಲ್ಲುತ್ತಿರುವುದು ಯಾರನ್ನು? ಎಂಬತ್ತು ವರ್ಷಗಳ ಕ್ಷಯ ಸಂಶೋಧನೆಯ ದೊಡ್ಡ ಪಾಲು ಈ ಒಂದು ಪ್ರಶ್ನೆಯ ಸುತ್ತಲೇ ನಡೆದಿದೆ. ದೇಹದಲ್ಲಿರುವ ರೋಗಾಣುಗಳಲ್ಲಿ ಬಹುಪಾಲನ್ನು ಕೆಲವೇ ದಿನಗಳಲ್ಲಿ ನಾಶಮಾಡುವ ಔಷಧ 1952ರಲ್ಲೇ ಕೈಗೆ ಬಂದಿತ್ತು. ಉಳಿದವುಗಳ ಬೆನ್ನು ಹತ್ತಿದ ಕಥೆ ಇನ್ನೂ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಸುಮಾರು 1.08 ಕೋಟಿ ಜನರಿಗೆ ಕ್ಷಯ ತಗುಲಿತು, 12.5 ಲಕ್ಷ ಜನ ಸತ್ತರು. ಗುಣವಾಗುವ ಕಾಯಿಲೆಯೊಂದರ ಲೆಕ್ಕ ಇದು.

1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕೋಖ್ ಈ ರೋಗಾಣುವನ್ನು ಜಗತ್ತಿನ ಮುಂದಿಟ್ಟರು. ಮೈಕೋಬ್ಯಾಕ್ಟೀರಿಯಂ ಟ್ಯುಬರ್ಕ್ಯುಲೋಸಿಸ್ ಎಂಬುದು ಅದರ ಹೆಸರು. ಅವಸರದ ಜೀವಿಯಲ್ಲ. ನಮ್ಮ ಕರುಳಿನಲ್ಲಿರುವ ಇ. ಕೊಲೈ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಕ್ಷಯದ ರೋಗಾಣುವಿಗೆ ಅದೇ ಕೆಲಸಕ್ಕೆ ಸುಮಾರು ಇಪ್ಪತ್ತು ಗಂಟೆ ಬೇಕು. ಪ್ರಯೋಗಾಲಯದಲ್ಲಿ ಬೆಳೆಸಿ ನೋಡಬೇಕೆಂದರೆ ಮೂರರಿಂದ ಎಂಟು ವಾರ ಕಾಯಬೇಕು. ಅದರ ಹೊರಗೋಡೆಯಲ್ಲಿ ಮೈಕೋಲಿಕ್ ಆಮ್ಲ ಎಂಬ ಮೇಣದಂಥ ಕೊಬ್ಬು ದಟ್ಟವಾಗಿ ತುಂಬಿರುವುದರಿಂದ ಎಷ್ಟೋ ಔಷಧಗಳು ಒಳಗೆ ಇಳಿಯುವುದೇ ಇಲ್ಲ.

ಇಷ್ಟೇ ಆಗಿದ್ದರೆ ಸಂಗತಿ ಸರಳವಾಗಿರುತ್ತಿತ್ತು. ತೊಡಕು ಶುರುವಾಗುವುದು ಅದು ವಾಸಮಾಡುವ ಜಾಗದಲ್ಲಿ. ಉಸಿರಿನೊಡನೆ ಒಳಬಂದ ರೋಗಾಣುವನ್ನು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶ ನುಂಗುತ್ತದೆ. ಬೇರೆ ಬ್ಯಾಕ್ಟೀರಿಯಾಗಳಿಗೆ ಅದು ಸಾವಿನ ಮನೆ; ಇದಕ್ಕೆ ಬಿಡಾರ. ಕೋಶದ ಜೀರ್ಣಕ್ರಿಯೆಯನ್ನು ತಡೆದು ಅದರೊಳಗೇ ಬದುಕಿಕೊಳ್ಳುತ್ತದೆ. ದೇಹ ಸುಮ್ಮನಿರುವುದಿಲ್ಲ, ಇನ್ನಷ್ಟು ಕೋಶಗಳನ್ನು ಕಳಿಸಿ ಸುತ್ತ ಗೋಡೆ ಕಟ್ಟುತ್ತದೆ. ಹೀಗೆ ಉಂಟಾಗುವ ಗಂಟಿಗೆ ಗ್ರ್ಯಾನ್ಯುಲೋಮಾ ಎಂದು ಹೆಸರು. ಗಂಟು ದೊಡ್ಡದಾದಂತೆ ನಡುವಿನ ಕೋಶಗಳು ಸತ್ತು ಮೆತ್ತಗಿನ ಮುದ್ದೆಯಾಗುತ್ತವೆ. ಕೇಸಿಯಂ ಎನ್ನುವ ಈ ಮುದ್ದೆಗೆ ರಕ್ತನಾಳವೇ ಇಲ್ಲ. ರಕ್ತ ಹೋಗದ ಕಡೆ ಔಷಧ ಹೋಗುವುದು ಹೇಗೆ? ಆಮ್ಲಜನಕವೂ ಅಷ್ಟಕ್ಕಷ್ಟೇ ಸಿಗುವ ಆ ಜಾಗದಲ್ಲಿ ರೋಗಾಣುಗಳು ವಿಭಜನೆಯನ್ನು ನಿಲ್ಲಿಸಿ ಸುಮ್ಮನೆ ಇದ್ದುಬಿಡುತ್ತವೆ. ಇನ್ನು ಗಂಟು ಒಡೆದು ಶ್ವಾಸಕೋಶದ ಗಾಳಿನಾಳಕ್ಕೆ ತೆರೆದುಕೊಂಡರೆ ಅಲ್ಲೊಂದು ಪೊಳ್ಳು ಉಂಟಾಗುತ್ತದೆ. ಅದರ ಗೋಡೆಯ ಮೇಲೆ ಧಾರಾಳವಾಗಿ ಗಾಳಿ, ಧಾರಾಳವಾಗಿ ರೋಗಾಣು.

ಅಂದರೆ ಒಬ್ಬನೇ ರೋಗಿಯ ಎದೆಯಲ್ಲಿ ಒಂದೇ ರೋಗಾಣು ಹಲವು ಬಗೆಯ ಬದುಕು ನಡೆಸುತ್ತಿರುತ್ತದೆ. ಒಂದು ಗುಂಪು ಬಿರುಸಾಗಿ ಬೆಳೆಯುತ್ತಿದ್ದರೆ ಇನ್ನೊಂದು ಆಮ್ಲೀಯ ಪರಿಸರದಲ್ಲಿ ತೆವಳುತ್ತಿರುತ್ತದೆ, ಮತ್ತೊಂದು ಮಲಗಿರುತ್ತದೆ. ಎಲ್ಲದಕ್ಕೂ ಒಂದೇ ಔಷಧ ನಾಟುವುದಿಲ್ಲ ಎಂಬುದು ಅರ್ಥವಾಗಲು ದಶಕಗಳು ಹಿಡಿದವು.

ಮೊದಲ ಔಷಧ ಸ್ಟ್ರೆಪ್ಟೊಮೈಸಿನ್. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಸ್ ಎಂಬ ವಿದ್ಯಾರ್ಥಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಇದನ್ನು ಬೇರ್ಪಡಿಸಿದ. 1952ರ ನೊಬೆಲ್ ಮಾತ್ರ ಗುರುವಿಗೊಬ್ಬರಿಗೇ ಹೋಯಿತು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಈ ಔಷಧವನ್ನು ಪರೀಕ್ಷಿಸಿದ ರೀತಿ ವೈದ್ಯಕೀಯದ ಇತಿಹಾಸದಲ್ಲಿ ಬೇರೆಯೇ ಅಧ್ಯಾಯ. ಯಾವ ರೋಗಿಗೆ ಔಷಧ, ಯಾರಿಗೆ ಬರೀ ಹಾಸಿಗೆಯ ವಿಶ್ರಾಂತಿ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ, ಮುಂಚೆಯೇ ಯಾದೃಚ್ಛಿಕವಾಗಿ ಸಿದ್ಧಪಡಿಸಿ ಮುಚ್ಚಿಟ್ಟ ಲಕೋಟೆಗಳಿಂದ ತೀರ್ಮಾನಿಸಲಾಯಿತು. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರ ಏರ್ಪಾಡು ಅದು. 1948ರಲ್ಲಿ ಫಲಿತಾಂಶ ಬಂತು. ಆರು ತಿಂಗಳಲ್ಲಿ ಔಷಧ ಪಡೆದ 55 ಜನರಲ್ಲಿ ಸತ್ತವರು 4, ಪಡೆಯದ 52 ಜನರಲ್ಲಿ 14.

ಸಂಭ್ರಮಿಸಬಹುದಾದ ಅಂಕಿ. ಆದರೆ ಅದೇ ರೋಗಿಗಳನ್ನು ಐದು ವರ್ಷ ಹಿಂಬಾಲಿಸಿದಾಗ ಔಷಧ ಪಡೆದವರಲ್ಲಿ 32, ಪಡೆಯದವರಲ್ಲಿ 35 ಸಾವು! ಅಂತರ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಆರಂಭದಲ್ಲಿ ಚೇತರಿಸಿಕೊಂಡವರ ಕಫದಲ್ಲಿ ಕೆಲವೇ ತಿಂಗಳಲ್ಲಿ ಸ್ಟ್ರೆಪ್ಟೊಮೈಸಿನ್‌ಗೆ ಜಗ್ಗದ ರೋಗಾಣುಗಳು ತುಂಬಿಕೊಂಡಿದ್ದವು.

ಇದರ ಹಿಂದಿನ ಗಣಿತವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು, ಏಕೆಂದರೆ ಇಂದಿನ ಚಿಕಿತ್ಸೆಯೆಲ್ಲ ನಿಂತಿರುವುದು ಅದರ ಮೇಲೆ. ಒಂದು ಪೊಳ್ಳಿನಲ್ಲಿ ಹತ್ತು ಕೋಟಿಯಿಂದ ನೂರು ಕೋಟಿ ರೋಗಾಣುಗಳಿರಬಹುದು. ಪ್ರತಿ ವಿಭಜನೆಯಲ್ಲೂ ಡಿಎನ್‌ಎ ನಕಲಾಗುವಾಗ ಅಲ್ಲೊಂದು ಇಲ್ಲೊಂದು ತಪ್ಪು ನುಸುಳುತ್ತದೆ. ಆ ತಪ್ಪುಗಳಲ್ಲಿ ಕೆಲವು ಔಷಧದಿಂದ ಪಾರಾಗಲು ನೆರವಾಗುತ್ತವೆ. ಐಸೋನಿಯಾಜಿಡ್ ಎಂಬ ಔಷಧದ ವಿಷಯದಲ್ಲಿ ಸ್ಥೂಲವಾಗಿ ಹತ್ತು ಲಕ್ಷ ರೋಗಾಣುಗಳಲ್ಲಿ ಒಂದು ಇಂಥದ್ದು. ರಿಫಾಂಪಿಸಿನ್ ವಿಷಯದಲ್ಲಿ ಹತ್ತು ಕೋಟಿಗೆ ಒಂದು. ನೂರು ಕೋಟಿ ರೋಗಾಣುಗಳಿರುವ ಪೊಳ್ಳಿಗೆ ಐಸೋನಿಯಾಜಿಡ್ ಒಂದನ್ನೇ ಕೊಟ್ಟರೆ ಮೊದಲ ಮಾತ್ರೆ ನುಂಗುವ ಮುನ್ನವೇ ಅದಕ್ಕೆ ಜಗ್ಗದ ಸಾವಿರ ರೋಗಾಣುಗಳು ಅಲ್ಲಿ ಸಿದ್ಧವಾಗಿರುತ್ತವೆ. ಔಷಧ ಅವುಗಳನ್ನು ಹುಟ್ಟಿಸುವುದಿಲ್ಲ, ಪೈಪೋಟಿಗಿದ್ದ ಉಳಿದವರನ್ನು ಕೊಂದು ಅವುಗಳಿಗೆ ಜಾಗ ತೆರವು ಮಾಡಿಕೊಡುತ್ತದೆ. ಎರಡು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ಎರಡರಿಂದಲೂ ಪಾರಾಗುವ ರೋಗಾಣು ಹುಟ್ಟುವ ಸಾಧ್ಯತೆ ಎರಡು ಸಂಖ್ಯೆಗಳ ಗುಣಲಬ್ಧ: ಕೋಟಿ ಕೋಟಿಗೆ ಒಂದು. ಯಾವ ಶ್ವಾಸಕೋಶದಲ್ಲೂ ಅಷ್ಟು ರೋಗಾಣುಗಳಿಗೆ ಸ್ಥಳವಿಲ್ಲ.

ಸ್ವೀಡನ್ನಿನ ಯೋರ್ಗೆನ್ ಲೇಮನ್ ರೂಪಿಸಿದ ಪಿಎಎಸ್ ಔಷಧವನ್ನು ಸ್ಟ್ರೆಪ್ಟೊಮೈಸಿನ್ ಜೊತೆ ಸೇರಿಸಿದಾಗ ಈ ಲೆಕ್ಕ ನಿಜವೆಂದು 1950ರ ಹೊತ್ತಿಗೆ ಗೊತ್ತಾಯಿತು. 1952ರಲ್ಲಿ ಐಸೋನಿಯಾಜಿಡ್ ಬಂತು. ವಿಚಿತ್ರವೆಂದರೆ ಆ ರಾಸಾಯನಿಕವನ್ನು ಪ್ರಾಗ್‌ನಲ್ಲಿ 1912ರಲ್ಲೇ ತಯಾರಿಸಲಾಗಿತ್ತು. ಅದು ಕ್ಷಯಕ್ಕೆ ಮದ್ದಾದೀತೆಂದು ನಲವತ್ತು ವರ್ಷ ಯಾರಿಗೂ ಹೊಳೆದಿರಲಿಲ್ಲ. 1956ರಲ್ಲಿ ಮದರಾಸಿನಲ್ಲಿ ಶುರುವಾದ ಅಧ್ಯಯನವೊಂದು ಮನೆಯಲ್ಲೇ ಇದ್ದು ಮಾತ್ರೆ ನುಂಗಿದವರೂ ಸ್ಯಾನಟೋರಿಯಂ ಎಂಬ ಕ್ಷಯದ ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಗುಣವಾಗುತ್ತಾರೆಂದು ತೋರಿಸಿತು. ಮನೆಯ ಉಳಿದವರಿಗೆ ಸೋಂಕು ಹೆಚ್ಚಾಗಲೂ ಇಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಸ್ಯಾನಟೋರಿಯಂಗಳ ಕಾಲವನ್ನೇ ಮುಗಿಸಿತು. ಅದರೊಂದಿಗೆ ಹೊಸ ತಲೆನೋವೂ ಶುರುವಾಯಿತು. ಆಗ ಚಿಕಿತ್ಸೆ ಒಂದೂವರೆ ವರ್ಷದವರೆಗೂ ನಡೆಯುತ್ತಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಾದರೆ ದಾದಿ ಮಾತ್ರೆ ಕೊಡುತ್ತಾಳೆ. ಮನೆಯಲ್ಲಿ, ದುಡಿಮೆಗೆ ಹೋಗುವ ಮನುಷ್ಯ, ಮೈಯಲ್ಲಿ ಯಾವ ನೋವೂ ಇಲ್ಲದಿರುವಾಗ ಅಷ್ಟು ಕಾಲ ದಿನಾ ಔಷಧ ನುಂಗುತ್ತಾನೆಯೇ? ಚಿಕಿತ್ಸೆಯ ಅವಧಿಯನ್ನು ಇಳಿಸುವುದು ಅಂದಿನಿಂದ ಸಂಶೋಧನೆಯ ಮುಖ್ಯ ಗುರಿಯಾಯಿತು.

ಐಸೋನಿಯಾಜಿಡ್ ಮೊದಲ ಎರಡು ದಿನಗಳಲ್ಲೇ ಕಫದಲ್ಲಿನ ರೋಗಾಣುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಕೊಲ್ಲುತ್ತದೆ. ಆಮೇಲೆ ವೇಗ ತಟ್ಟನೆ ಇಳಿದುಬಿಡುತ್ತದೆ. ಉಳಿದವು ಔಷಧ ನಿರೋಧಕ ರೋಗಾಣುಗಳಲ್ಲ. ಇಲ್ಲೊಂದು ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಪತ್ರಿಕೆಗಳ ವರದಿಗಳಲ್ಲಿ ಇದು ಸದಾ ಕಲಸಿಹೋಗುತ್ತದೆ. ನಿರೋಧಕ ರೋಗಾಣುವಿನ ವಂಶವಾಹಿ ಬದಲಾಗಿರುತ್ತದೆ. ಅದರ ಮಕ್ಕಳು ಮೊಮ್ಮಕ್ಕಳೂ ನಿರೋಧಕವೇ. ಇನ್ನೊಂದು ಬಗೆಯದರಲ್ಲಿ ವಂಶವಾಹಿ ಬದಲಾಗಿರುವುದಿಲ್ಲ, ಅದು ಸುಮ್ಮನೆ ಕೆಲಸ ನಿಲ್ಲಿಸಿರುತ್ತದೆ. ಹೆಚ್ಚಿನ ಔಷಧಗಳು ಕೊಲ್ಲುವುದು ರೋಗಾಣುವಿನ ನಡೆಯುತ್ತಿರುವ ಕೆಲಸವನ್ನು ಕೆಡಿಸಿ. ಐಸೋನಿಯಾಜಿಡ್ ಹೊರಗೋಡೆ ಕಟ್ಟುವುದನ್ನು ತಡೆಯುತ್ತದೆ. ಗೋಡೆ ಕಟ್ಟುವುದನ್ನೇ ನಿಲ್ಲಿಸಿದ ರೋಗಾಣುವಿಗೆ ಅದರಿಂದ ಏನಾದೀತು? 1944ರಲ್ಲಿ ಡಬ್ಲಿನ್‌ನ ಜೋಸೆಫ್ ಬಿಗರ್ ಇದನ್ನು ಪೆನಿಸಿಲಿನ್ ವಿಷಯದಲ್ಲಿ ಗಮನಿಸಿದ್ದರು. ಔಷಧದಲ್ಲಿ ಮುಳುಗಿಸಿದರೂ ಕೆಲವೇ ಕೆಲವು ಬ್ಯಾಕ್ಟೀರಿಯಾ ಬದುಕುಳಿದವು. ಅವನ್ನು ತೆಗೆದು ಮತ್ತೆ ಬೆಳೆಸಿದರೆ ಅವುಗಳ ಸಂತತಿ ಪೆನಿಸಿಲಿನ್‌ಗೆ ಮೊದಲಿನಂತೆಯೇ ಸಾಯುತ್ತಿತ್ತು. ಕಳೆ ಕಿತ್ತ ಹೊಲದಲ್ಲಿ ಮೊಳೆಯದೆ ಉಳಿದ ಬೀಜದಂತೆ ಇವು. ಕೀಳಲು ಗಿಡವೇ ಇರುವುದಿಲ್ಲ, ಮುಂದಿನ ಮಳೆಗೆ ಹೊಲ ಮತ್ತೆ ಹಸಿರಾಗುತ್ತದೆ.

ಕ್ಷಯದಲ್ಲಿ ಇದನ್ನು ಕಣ್ಣಿಗೆ ಕಟ್ಟಿದಂತೆ ತೋರಿಸಿದವು 1956ರಲ್ಲಿ ಪ್ರಕಟವಾದ ಕಾರ್ನೆಲ್ ವಿಶ್ವವಿದ್ಯಾಲಯದ ಇಲಿಗಳ ಪ್ರಯೋಗಗಳು. ವಾಲ್ಶ್ ಮ್ಯಾಕ್‌ಡರ್ಮಟ್ ಅವರ ತಂಡ ಸೋಂಕು ತಗುಲಿದ ಇಲಿಗಳಿಗೆ ಮೂರು ತಿಂಗಳು ಐಸೋನಿಯಾಜಿಡ್ ಮತ್ತು ಪೈರಜಿನಮೈಡ್ ಕೊಟ್ಟಿತು. ಬಳಿಕ ಇಲಿಯ ಅಂಗಗಳನ್ನು ಅರೆದು ಬೆಳೆಸಿ ನೋಡಿದರೆ ಒಂದೇ ಒಂದು ರೋಗಾಣುವೂ ಬೆಳೆಯಲಿಲ್ಲ. ಪೂರ್ತಿ ಗುಣ ಎನ್ನಬೇಕು. ಆದರೆ ಔಷಧ ನಿಲ್ಲಿಸಿ ಮೂರು ತಿಂಗಳು ಸುಮ್ಮನೆ ಬಿಟ್ಟ ಇಲಿಗಳಲ್ಲಿ ಸುಮಾರು ಮೂರರಲ್ಲೊಂದಕ್ಕೆ ಕ್ಷಯ ಮರುಕಳಿಸಿತ್ತು, ಅದೂ ಅದೇ ಔಷಧಗಳಿಗೆ ಬಗ್ಗುವ ರೋಗಾಣುಗಳಿಂದ. ಇದ್ದವು, ಕಾಣಿಸಿರಲಿಲ್ಲ.

ಇಲ್ಲಿಂದ ಹೊರಟ ಎರಡು ತೀರ್ಮಾನಗಳಲ್ಲಿ ಮೊದಲನೆಯದು, ಕಫದಲ್ಲಿ ರೋಗಾಣು ಕಾಣದಿರುವುದು ಗುಣವಾದುದಕ್ಕೆ ಸಾಕ್ಷಿಯಲ್ಲ. ಎರಡನೆಯದು, ಎಷ್ಟು ವೇಗವಾಗಿ ಕೊಲ್ಲುತ್ತದೆ ಎಂಬುದು ಕ್ಷಯದ ಔಷಧಕ್ಕೆ ಸರಿಯಾದ ಅಳತೆಗೋಲಲ್ಲ. ಔಷಧ ನಿಲ್ಲಿಸಿದ ಮೇಲೆ ಎಷ್ಟು ಜನರಿಗೆ ಮರುಕಳಿಸಿತು ಎಂಬುದನ್ನೇ ನೋಡಬೇಕು. ಈ ಎರಡನೆಯದನ್ನು ಬ್ರಿಟಿಷ್ ವೈದ್ಯಕೀಯ ಸಂಶೋಧನಾ ಮಂಡಳಿಯ ವ್ಯಾಲೇಸ್ ಫಾಕ್ಸ್ ಮತ್ತು ಡೆನಿಸ್ ಮಿಚಿಸನ್ ಪೂರ್ವ ಆಫ್ರಿಕಾದ ದೇಶಗಳಲ್ಲಿ ಮನುಷ್ಯರ ಮೇಲೆ ಸಾಬೀತುಮಾಡಿದರು. ಪರೀಕ್ಷೆಗಿಟ್ಟ ಗುಂಪುಗಳಿಗೆಲ್ಲ ಆರು ತಿಂಗಳ ಚಿಕಿತ್ಸೆ. ಸ್ಟ್ರೆಪ್ಟೊಮೈಸಿನ್ ಮತ್ತು ಐಸೋನಿಯಾಜಿಡ್ ಮಾತ್ರ ಪಡೆದವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿಗೆ ಕಾಯಿಲೆ ಮರುಕಳಿಸಿತು. ಅದಕ್ಕೆ ರಿಫಾಂಪಿಸಿನ್ ಸೇರಿಸಿದಾಗ ಮರುಕಳಿಕೆ ನೂರಕ್ಕೆ ಎರಡು ಮೂರಕ್ಕೆ ಇಳಿಯಿತು. ಪೈರಜಿನಮೈಡ್ ಸೇರಿಸಿದವರಲ್ಲೂ ಬಹಳ ಕಡಿಮೆಯಾಯಿತು. ಮೊದಲ ವರದಿ ಬಂದದ್ದು 1972ರಲ್ಲಿ.

ಈ ಎರಡು ಔಷಧಗಳ ಹಿನ್ನೆಲೆ ಕುತೂಹಲಕರ. ಫ್ರಾನ್ಸಿನ ಮೆಡಿಟರೇನಿಯನ್ ಕರಾವಳಿಯ ಮಣ್ಣಿನಿಂದ 1957ರಲ್ಲಿ ಮಿಲಾನ್‌ನ ಲೆಪೆಟಿಟ್ ಕಂಪನಿ ಬೇರ್ಪಡಿಸಿದ ರಿಫಾಮೈಸಿನ್‌ನಿಂದ ರೂಪುಗೊಂಡದ್ದು ರಿಫಾಂಪಿಸಿನ್. ಮಲಗಿರುವ ರೋಗಾಣುಗಳು ನಡುನಡುವೆ ಸ್ವಲ್ಪ ಹೊತ್ತು ಎಚ್ಚರಗೊಳ್ಳುತ್ತವೆ, ಆ ಅಲ್ಪ ಅವಕಾಶದಲ್ಲೇ ಅದು ಎರಗುತ್ತದೆ ಎಂಬುದು ಮಿಚಿಸನ್ ಕೊಟ್ಟ ವಿವರಣೆ. ಪೈರಜಿನಮೈಡ್ ಇನ್ನೂ ವಿಚಿತ್ರ. ಸಾಮಾನ್ಯ ಪರೀಕ್ಷಾ ನಳಿಕೆಯಲ್ಲಿ ಅದು ಏನೂ ಮಾಡುವುದಿಲ್ಲ. ಸುತ್ತಲಿನ ದ್ರವ ಆಮ್ಲೀಯವಾದರೆ ಮಾತ್ರ ಕೆಲಸಮಾಡುತ್ತದೆ. ನೇರವಾಗಿ ಇಲಿಗಳ ಮೇಲೆ ಪರೀಕ್ಷಿಸಿದ್ದರಿಂದ ಅದರ ಗುಣ ಗೊತ್ತಾಯಿತು. ಇಂದಿನ ಔಷಧ ಕಂಪನಿಗಳ ಶಿಸ್ತುಬದ್ಧ ಜರಡಿಯಲ್ಲಿ ಹಾಕಿದ್ದರೆ ಅದು ಮೊದಲ ದಿನವೇ ಕಸದ ಬುಟ್ಟಿಗೆ ಹೋಗುತ್ತಿತ್ತು.

ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬ್ಯುಟಾಲ್ ಎಂಬ ನಾಲ್ಕರ ಆರು ತಿಂಗಳ ಕೂಟ ಹೀಗೆ ರೂಪುಗೊಂಡಿತು, ಇಂದಿಗೂ ಚಾಲ್ತಿಯಲ್ಲಿದೆ. ಆಮೇಲೆ ನಲವತ್ತು ವರ್ಷ ಹೊಸ ಬಗೆಯ ಒಂದು ಕ್ಷಯ ಔಷಧವೂ ಬರಲಿಲ್ಲ. ಕ್ಷಯ ಮುಗಿದ ಕಥೆ ಎಂದು ಶ್ರೀಮಂತ ದೇಶಗಳು ಭಾವಿಸಿದ್ದು, ಬಡವರ ಕಾಯಿಲೆಯಲ್ಲಿ ಕಂಪನಿಗಳಿಗೆ ಲಾಭ ಕಾಣದೇ ಹೋದದ್ದು ಎಲ್ಲವೂ ಇದಕ್ಕೆ ಕಾರಣ. ಈ ನಡುವೆ ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಜಗ್ಗದ ಬಹುಔಷಧ ನಿರೋಧಕ ಕ್ಷಯ ಹರಡಿತು. ಒಮ್ಮೆ ಒಂದು ಔಷಧ, ಇನ್ನೊಮ್ಮೆ ಮತ್ತೊಂದು ಎಂದು ಅರೆಬರೆಯಾಗಿ ಸಿಕ್ಕ ಚಿಕಿತ್ಸೆಯಲ್ಲಿ ಮೊದಲಿನ ಗುಣಲಬ್ಧದ ಲೆಕ್ಕ ಕೆಲಸಮಾಡುವುದಿಲ್ಲ. ರೋಗಾಣು ಒಂದೊಂದೇ ಮೆಟ್ಟಿಲು ಹತ್ತಿಬಿಡುತ್ತದೆ. ಇಂಥ ರೋಗಿಗಳಿಗೆ ಆಗ ಹದಿನೆಂಟರಿಂದ ಇಪ್ಪತ್ತನಾಲ್ಕು ತಿಂಗಳ ಚಿಕಿತ್ಸೆ ನಡೆಯುತ್ತಿತ್ತು. ಅದರಲ್ಲಿ ತಿಂಗಳುಗಟ್ಟಲೆ ದಿನಾ ಚುಚ್ಚುವ ಕಾನಾಮೈಸಿನ್, ಅಮಿಕಾಸಿನ್‌ನಂಥ ಔಷಧಗಳು ಕಿವಿಯನ್ನೇ ಕೆಡಿಸುತ್ತಿದ್ದವು. ಕ್ಷಯದಿಂದ ಪಾರಾಗಿ ಶಾಶ್ವತವಾಗಿ ಕಿವುಡರಾದವರು ಎಷ್ಟೋ ಮಂದಿ.

1998ರಲ್ಲಿ ಸ್ಟೂವರ್ಟ್ ಕೋಲ್ ನೇತೃತ್ವದ ತಂಡ ರೋಗಾಣುವಿನ ಜೀನೋಮನ್ನು ಪೂರ್ತಿ ಓದಿತು: 44 ಲಕ್ಷ ಅಕ್ಷರ, ಸುಮಾರು ನಾಲ್ಕು ಸಾವಿರ ವಂಶವಾಹಿ. ಇನ್ನು ಔಷಧ ಹುಡುಕುವುದು ಸಲೀಸು ಎಂದು ಆಗ ಎಲ್ಲರೂ ನಂಬಿದರು. ಬದುಕಲು ಅನಿವಾರ್ಯವಾದ ಪ್ರೋಟೀನನ್ನು ಆರಿಸು, ಅದನ್ನು ತಡೆಯುವ ರಾಸಾಯನಿಕವನ್ನು ಲಕ್ಷಾಂತರ ರಾಸಾಯನಿಕಗಳ ಭಂಡಾರದಲ್ಲಿ ಹುಡುಕು. ಕಾಗದದ ಮೇಲೆ ಅಚ್ಚುಕಟ್ಟು. ಆದರೆ ಬ್ಯಾಕ್ಟೀರಿಯಾ ವಿರೋಧಿ ಔಷಧಗಳಿಗಾಗಿ ಗ್ಲಾಕ್ಸೋಸ್ಮಿತ್‌ಕ್ಲೈನ್ ಕಂಪನಿ 1995ರಿಂದ 2001ರವರೆಗೆ ಇಂಥ ಸುಮಾರು 70 ಹುಡುಕಾಟಗಳನ್ನು ನಡೆಸಿ ಪಡೆದದ್ದು ಐದೇ ಐದು ಆರಂಭಿಕ ಸುಳಿವುಗಳನ್ನು. ಬರಿಯ ಪ್ರೋಟೀನನ್ನು ತಡೆಯುವ ವಸ್ತು ರೋಗಾಣುವಿನ ಮೇಣದ ಗೋಡೆ ದಾಟಿ ಒಳಹೋಗಬೇಕಲ್ಲ? ಒಳಹೋದರೂ ಹೊರದಬ್ಬುವ ಪಂಪುಗಳು ಅಲ್ಲಿವೆ.

ಗೆದ್ದದ್ದು ಹಳೆಯ ಒರಟು ದಾರಿ. ಬೆಲ್ಜಿಯಂನಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ಕೋನ್ ಆಂಡ್ರೀಸ್ ಅವರ ತಂಡ ಕ್ಷಯದ ರೋಗಾಣುವಿನ ನಿರುಪದ್ರವಿ ಬಂಧುವೊಂದನ್ನು ಬೆಳೆಸಿ, ಜೀವಂತ ಬ್ಯಾಕ್ಟೀರಿಯಾದ ಮೇಲೇ ರಾಸಾಯನಿಕಗಳನ್ನು ಸುರಿದು ನೋಡಿತು. ಯಾವುದು ಕೊಂದಿತೋ ಅದನ್ನು ಎತ್ತಿಕೊಂಡರು, ಹೇಗೆ ಕೊಂದಿತು ಎಂಬ ವಿಚಾರಣೆ ಆಮೇಲೆ. ಆ ಔಷಧದಿಂದ ಪಾರಾದ ರೋಗಾಣುಗಳ ಜೀನೋಮ್ ಓದಿದಾಗ ಬದಲಾವಣೆ ಕಂಡದ್ದು ಎಟಿಪಿ ಸಿಂಥೇಸ್ ಎಂಬ ಯಂತ್ರದ ಒಂದು ಭಾಗದಲ್ಲಿ. ಕೋಶಕ್ಕೆ ಬೇಕಾದ ಶಕ್ತಿಯನ್ನು ತಯಾರಿಸುವ ಯಂತ್ರ ಅದು. ಇದರ ಮಹತ್ವ ಇಷ್ಟರಲ್ಲೇ ಹೊಳೆದಿರಬೇಕು: ಗೋಡೆ ಕಟ್ಟುವುದನ್ನು, ವಿಭಜನೆಯನ್ನು ಬಿಟ್ಟು ಮಲಗಿರುವ ರೋಗಾಣುವೂ ಉಸಿರು ಹಿಡಿದಿರಲು ಒಂದಿಷ್ಟು ಶಕ್ತಿಯನ್ನು ತಯಾರಿಸಲೇಬೇಕು. ಮಲಗಿರುವವರಿಗೂ ನಾಟುವ ಗುರಿ ಸಿಕ್ಕಿತ್ತು. ಮನುಷ್ಯನ ಕೋಶಗಳಲ್ಲೂ ಇದೇ ಬಗೆಯ ಯಂತ್ರವಿದೆ, ಆದರೆ ಈ ಔಷಧ ಅದಕ್ಕೆ ತಗುಲುವುದು ತೀರಾ ಕಡಿಮೆ. ಬೆಡಾಕ್ವಿಲಿನ್ ಎಂಬ ಹೆಸರಿನಿಂದ 2012ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು.

ಬೆಡಾಕ್ವಿಲಿನ್ ಕೊಟ್ಟ ಮೊದಲ ಕೆಲವು ದಿನ ಕಫದಲ್ಲಿ ರೋಗಾಣುಗಳ ಸಂಖ್ಯೆ ಅಷ್ಟೇನೂ ಇಳಿಯುವುದಿಲ್ಲ. ಸಂಗ್ರಹದ ಶಕ್ತಿ ಮುಗಿಯುವವರೆಗೆ ಅವು ತಾಳಿಕೊಳ್ಳುತ್ತವೆ. ವೇಗವನ್ನೇ ನೋಡಿ ತೀರ್ಪು ಕೊಟ್ಟಿದ್ದರೆ ಇದೂ ಹಿಂದೆ ಬೀಳುತ್ತಿತ್ತು. ಅನುಮತಿಯ ಸಂದರ್ಭದಲ್ಲಿ ಆತಂಕವೂ ಇತ್ತು: ಒಂದು ಪ್ರಯೋಗದಲ್ಲಿ ಈ ಔಷಧ ಪಡೆದ 79 ಜನರಲ್ಲಿ 10 ಮಂದಿ, ಪಡೆಯದ 81 ಜನರಲ್ಲಿ ಇಬ್ಬರು ಸತ್ತಿದ್ದರು, ಹೃದಯದ ಲಯದ ಮೇಲೂ ಅದರ ಪರಿಣಾಮವಿದೆ. ಮುಂದೆ ದಕ್ಷಿಣ ಆಫ್ರಿಕಾದ ಸಾವಿರಾರು ರೋಗಿಗಳ ದಾಖಲೆಗಳಲ್ಲಿ ಬೆಡಾಕ್ವಿಲಿನ್ ಪಡೆದವರ ಸಾವಿನ ಪ್ರಮಾಣವೇ ಕಡಿಮೆ ಇರುವುದು ಕಂಡುಬಂದ ಮೇಲೆ ಭಯ ತಗ್ಗಿತು. ಸಣ್ಣ ಪ್ರಯೋಗದ ಸಣ್ಣ ಸಂಖ್ಯೆಗಳು ಎಷ್ಟು ಹೆದರಿಸಬಲ್ಲವು ಎಂಬುದಕ್ಕೆ ಇದು ಉದಾಹರಣೆ. ಹಾಗೆಂದು ಆ ಭಯ ಅಕಾರಣವೇನೂ ಆಗಿರಲಿಲ್ಲ.

ಇದೇ ಕಾಲದಲ್ಲಿ ಸಾಮಾನ್ಯ ಕ್ಷಯದ ಅವಧಿಯನ್ನು ಆರರಿಂದ ನಾಲ್ಕು ತಿಂಗಳಿಗೆ ಇಳಿಸುವ ಪ್ರಯತ್ನವೂ ನಡೆದಿತ್ತು. ಮಾಕ್ಸಿಫ್ಲಾಕ್ಸಾಸಿನ್ ಎಂಬ ಔಷಧ ಇಲಿಗಳಲ್ಲಿ ಚೆನ್ನಾಗಿ ಕೆಲಸಮಾಡಿತ್ತು, ಮನುಷ್ಯರಲ್ಲೂ ಕಫವನ್ನು ಬೇಗ ರೋಗಾಣುಮುಕ್ತಗೊಳಿಸುತ್ತಿತ್ತು. 2014ರಲ್ಲಿ ಪ್ರಕಟವಾದ, 1,931 ರೋಗಿಗಳ ದೊಡ್ಡ ಪ್ರಯೋಗ ಈ ಆಸೆಗೆ ನೀರೆರಚಿತು. ಕಫ ಬೇಗ ಶುದ್ಧವಾದದ್ದು ನಿಜ. ಆದರೆ ಆರು ತಿಂಗಳ ಹಳೆಯ ಚಿಕಿತ್ಸೆಯಲ್ಲಿ ನೂರಕ್ಕೆ 92 ಜನ ಗುಣವಾದರೆ, ನಾಲ್ಕು ತಿಂಗಳ ಎರಡು ಕೂಟಗಳಲ್ಲಿ 85 ಮತ್ತು 80. ಅದೇ ವರ್ಷ ಇನ್ನೆರಡು ಪ್ರಯೋಗಗಳೂ ಹೀಗೆಯೇ ಸೋತವು. ಕಾರ್ನೆಲ್‌ನ ಇಲಿಗಳು 1956ರಲ್ಲೇ ಹೇಳಿದ್ದನ್ನು ಕೋಟ್ಯಂತರ ಹಣ ಖರ್ಚುಮಾಡಿ ಮತ್ತೆ ಕೇಳಿಸಿಕೊಂಡಂತಾಯಿತು ಎಂದು ನನಗನಿಸುತ್ತದೆ, ಈ ಮಾತು ಸ್ವಲ್ಪ ನಿಷ್ಠುರವಾಯಿತು ಎಂದು ಗೊತ್ತಿದ್ದೂ.

ಯಾಕೆ ಸೋತಿತು ಎಂಬುದಕ್ಕೆ ಒಂದು ಒಳ್ಳೆಯ ಸುಳಿವು ಮರುವರ್ಷ ಸಿಕ್ಕಿತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಶ್ವಾಸಕೋಶದ ತುಣುಕುಗಳನ್ನು ತೆಳುವಾಗಿ ಸೀಳಿ, ಯಾವ ಔಷಧ ಎಲ್ಲಿಯವರೆಗೆ ತಲುಪಿದೆ ಎಂದು ಚಿತ್ರದಂತೆ ತೋರಿಸುವ ತಂತ್ರವನ್ನು ವೆರೋನಿಕ್ ಡಾರ್ಟ್ವಾ ಅವರ ತಂಡ ಬಳಸಿತು. ಮಾಕ್ಸಿಫ್ಲಾಕ್ಸಾಸಿನ್ ಗಂಟಿನ ಅಂಚಿನ ಕೋಶಗಳಲ್ಲಿ ದಟ್ಟವಾಗಿ ತುಂಬಿಕೊಂಡಿತ್ತು, ನಡುವಿನ ಕೇಸಿಯಂ ಒಳಗೆ ಅಷ್ಟಾಗಿ ಇಳಿದಿರಲಿಲ್ಲ. ರಿಫಾಂಪಿಸಿನ್ ಮತ್ತು ಪೈರಜಿನಮೈಡ್ ಒಳಗೆ ಹೋಗಿದ್ದವು. ಎಲ್ಲರಿಗೂ ಗುರುತಿರುವ ಆ ಎರಡು ಹಳೆಯ ಔಷಧಗಳು ಮರುಕಳಿಕೆಯನ್ನು ಯಾಕೆ ತಡೆಯುತ್ತವೆ ಎಂಬುದಕ್ಕೆ ನಲವತ್ತು ವರ್ಷದ ಬಳಿಕ ಕಣ್ಣಾರೆ ಸಿಕ್ಕ ಸಾಕ್ಷ್ಯ ಅದು.

ನಿರೋಧಕ ಕ್ಷಯದ ಕಡೆ ಮಾತ್ರ ಬದಲಾವಣೆ ನಾಟಕೀಯವಾಗಿತ್ತು. ಲಾಭಕ್ಕಾಗಿ ನಡೆಯದ ಟಿಬಿ ಅಲಯನ್ಸ್ ಸಂಸ್ಥೆ ಬೆಳೆಸಿದ ಪ್ರಿಟೊಮಾನಿಡ್ 2019ರಲ್ಲಿ ಅನುಮತಿ ಪಡೆಯಿತು. ಬೆಡಾಕ್ವಿಲಿನ್, ಪ್ರಿಟೊಮಾನಿಡ್, ಲಿನೆಜೋಲಿಡ್ ಮೂರನ್ನು ಸೇರಿಸಿ, ಹೆಚ್ಚುಕಡಿಮೆ ಯಾವ ಔಷಧಕ್ಕೂ ಬಗ್ಗದ ಕ್ಷಯವಿದ್ದ ದಕ್ಷಿಣ ಆಫ್ರಿಕಾದ 109 ರೋಗಿಗಳಿಗೆ ಕೊಟ್ಟಾಗ ನೂರಕ್ಕೆ 90 ಮಂದಿ ಗುಣವಾದರು, ಆರು ತಿಂಗಳಲ್ಲಿ. ಬೆಲೆಯೂ ತೆರಬೇಕಾಯಿತು: ದಿನಕ್ಕೆ 1,200 ಮಿಲಿಗ್ರಾಂ ಲಿನೆಜೋಲಿಡ್‌ನಿಂದ ನೂರಕ್ಕೆ 81 ಜನರಿಗೆ ಕೈಕಾಲುಗಳ ನರಗಳಿಗೆ ಹಾನಿಯಾಗಿ ಜೋಮು, ಉರಿ. ಮುಂದಿನ ಪ್ರಯೋಗದಲ್ಲಿ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದಾಗ ನರದ ತೊಂದರೆ ನೂರಕ್ಕೆ 24ಕ್ಕೆ ಇಳಿಯಿತು, ಗುಣವಾಗುವ ಪ್ರಮಾಣ 91ರಲ್ಲೇ ಉಳಿಯಿತು. ಈ ಮೂರಕ್ಕೆ ಮಾಕ್ಸಿಫ್ಲಾಕ್ಸಾಸಿನ್ ಸೇರಿಸಿದ ಕೂಟವನ್ನು 'ಗಡಿಯಿಲ್ಲದ ವೈದ್ಯರು' ಸಂಸ್ಥೆ ಬೆಲಾರೂಸ್, ಉಜ್ಬೆಕಿಸ್ತಾನ, ದಕ್ಷಿಣ ಆಫ್ರಿಕಾಗಳಲ್ಲಿ ಹಳೆಯ ದೀರ್ಘ ಚಿಕಿತ್ಸೆಯೊಂದಿಗೆ ಹೋಲಿಸಿತು. ಒಳ್ಳೆಯ ಫಲಿತಾಂಶ ಹೊಸ ಕೂಟದಲ್ಲಿ ನೂರಕ್ಕೆ 89, ಹಳೆಯದರಲ್ಲಿ 52. ಅಂತರ ಎಷ್ಟು ಸ್ಪಷ್ಟವಾಗಿತ್ತೆಂದರೆ ಹಳೆಯ ಚಿಕಿತ್ಸೆಗೆ ಇನ್ನಷ್ಟು ರೋಗಿಗಳನ್ನು ಸೇರಿಸುವುದು ಸರಿಯಲ್ಲವೆಂದು 2021ರಲ್ಲಿ ಸೇರ್ಪಡೆಯನ್ನೇ ನಿಲ್ಲಿಸಲಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಆರು ತಿಂಗಳ, ಚುಚ್ಚುಮದ್ದಿಲ್ಲದ ಚಿಕಿತ್ಸೆಯನ್ನು ಶಿಫಾರಸು ಮಾಡಿತು.

ಆದರೆ ಗುಣಲಬ್ಧದ ಲೆಕ್ಕ ಇಲ್ಲಿಗೂ ಅನ್ವಯಿಸುತ್ತದೆ, ಬೆಡಾಕ್ವಿಲಿನ್‌ಗೆ ನಿರೋಧಕತೆ ಈಗಾಗಲೇ ಕಾಣಿಸಿಕೊಂಡಿದೆ. ಹೆಚ್ಚಿನ ಸಂದರ್ಭಗಳಲ್ಲಿ ರೋಗಾಣು ಗುರಿಯನ್ನೇ ಬದಲಿಸುವುದಿಲ್ಲ. ಔಷಧವನ್ನು ಹೊರದಬ್ಬುವ ಪಂಪಿನ ಬಿರಟೆಯನ್ನು ಸಡಿಲಿಸುತ್ತದೆ. ಇದನ್ನು ಪತ್ತೆಹಚ್ಚುವುದು ಕಷ್ಟ. ರಿಫಾಂಪಿಸಿನ್ ನಿರೋಧಕತೆಯ ನೂರಕ್ಕೆ 95ರಷ್ಟು ಬದಲಾವಣೆಗಳು ಒಂದೇ ವಂಶವಾಹಿಯ 81 ಅಕ್ಷರಗಳ ಚಿಕ್ಕ ತುಂಡಿನಲ್ಲೇ ಇರುವುದರಿಂದ ಜೀನ್‌ಎಕ್ಸ್‌ಪರ್ಟ್ ಯಂತ್ರ ಎರಡು ಗಂಟೆಯಲ್ಲಿ ಉತ್ತರ ಕೊಡುತ್ತದೆ. ಬೆಡಾಕ್ವಿಲಿನ್ ವಿಷಯದಲ್ಲಿ ಬದಲಾವಣೆಗಳು ಇಡೀ ವಂಶವಾಹಿಯ ಉದ್ದಕ್ಕೂ ಚದುರಿವೆ, ಎಲ್ಲವೂ ಅಪಾಯಕಾರಿಯೂ ಅಲ್ಲ. ಔಷಧ ಮೊದಲು ಬಂದು, ಅದಕ್ಕೆ ತಕ್ಕ ಪರೀಕ್ಷೆ ಹಿಂದೆ ಉಳಿಯುವುದು ಈ ಕ್ಷೇತ್ರದ ಹಳೆಯ ಚಾಳಿ.

ಸಾಮಾನ್ಯ ಕ್ಷಯದಲ್ಲೂ ಕೊನೆಗೆ 2021ರಲ್ಲಿ ನಾಲ್ಕು ತಿಂಗಳ ಚಿಕಿತ್ಸೆಯೊಂದು ಗೆದ್ದಿತು. ರಿಫಾಂಪಿಸಿನ್ ಬದಲು ಅದೇ ಕುಟುಂಬದ, ರಕ್ತದಲ್ಲಿ ಹೆಚ್ಚು ಕಾಲ ನಿಲ್ಲುವ ರಿಫಾಪೆಂಟೀನನ್ನು ದಿನವೂ ಕೊಟ್ಟು, ಜೊತೆಗೆ ಮಾಕ್ಸಿಫ್ಲಾಕ್ಸಾಸಿನ್ ಸೇರಿಸಿದ ಕೂಟ ಅದು. 13 ದೇಶಗಳ 2,516 ಜನರಲ್ಲಿ ಆರು ತಿಂಗಳ ಚಿಕಿತ್ಸೆಗೆ ಸಮನಾಗಿ ನಿಂತಿತು. 2023ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಇನ್ನೂ ಧೈರ್ಯದ್ದು. ಹೋಲಿಕೆಗಿದ್ದ ಗುಂಪನ್ನು ಬಿಟ್ಟು ಉಳಿದವರಿಗೆ ಮೊದಲು ಎರಡೇ ತಿಂಗಳು ಔಷಧ ಕೊಟ್ಟು, ನಿಗಾ ಇಟ್ಟು, ಮರುಕಳಿಸಿದವರಿಗೆ ಮಾತ್ರ ಮತ್ತೆ ಪೂರ್ಣ ಚಿಕಿತ್ಸೆ. ಬೆಡಾಕ್ವಿಲಿನ್ ಇದ್ದ ಗುಂಪಿನಲ್ಲಿ ಒಟ್ಟು ಔಷಧ ಸೇವನೆಯ ಸರಾಸರಿ ಸುಮಾರು 85 ದಿನಕ್ಕೆ ಇಳಿಯಿತು.

ನನಗೆ ಹೆಚ್ಚು ಮುಖ್ಯವೆನಿಸುವುದು ಮಾತ್ರ ಸೋತ ಪ್ರಯೋಗಗಳ ಮರು ಓದು. 2014ರ ಆ ಮೂರು ಪ್ರಯೋಗಗಳ ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಮತ್ತೆ ವಿಶ್ಲೇಷಿಸಿದಾಗ ಬೇರೆಯೇ ಚಿತ್ರ ಕಂಡಿತು. ಕಫದಲ್ಲಿ ರೋಗಾಣು ಕಡಿಮೆ ಇದ್ದ ಅಥವಾ ಪೊಳ್ಳು ಇಲ್ಲದ ರೋಗಿಗಳು, ಸರಿಸುಮಾರು ಅರ್ಧದಷ್ಟು ಜನ, ನಾಲ್ಕೇ ತಿಂಗಳಲ್ಲಿ ಗುಣವಾಗಿದ್ದರು. ರೋಗಾಣು ಹೆಚ್ಚಿದ್ದು ಪೊಳ್ಳೂ ಇದ್ದವರಿಗೆ ಆರು ತಿಂಗಳೂ ಸಾಲದು ಎಂಬಂತಿತ್ತು. ಆರು ತಿಂಗಳೆಂಬುದು ಯಾರಿಗೂ ಅಳತೆಮಾಡಿ ಹೊಲಿದದ್ದಲ್ಲ. ಕೆಲವರಿಗೆ ಅಗತ್ಯಕ್ಕಿಂತ ಹೆಚ್ಚು, ಕೆಲವರಿಗೆ ಕಡಿಮೆ. ಭಾರತವೂ ಸೇರಿ ನಾಲ್ಕು ದೇಶಗಳ 1,204 ಮಕ್ಕಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವೂ ಸೌಮ್ಯ ಕ್ಷಯವಿರುವ ಮಕ್ಕಳಿಗೆ ನಾಲ್ಕು ತಿಂಗಳು ಸಾಕೆಂದು ತೋರಿಸಿದೆ.

ಹಾಗಾದರೆ ಯಾರಿಗೆ ಎಷ್ಟು ತಿಂಗಳು ಎಂದು ಮೊದಲೇ ಹೇಳುವುದು ಹೇಗೆ? ದೇಹದೊಳಗೆ ಬದುಕಿರುವ ಕೊನೆಯ ರೋಗಾಣುವನ್ನು ತೋರಿಸುವ ನೆಚ್ಚಬಹುದಾದ ಪರೀಕ್ಷೆ ಇಲ್ಲ. 2016ರ ಒಂದು ಅಧ್ಯಯನದಲ್ಲಿ ಚಿಕಿತ್ಸೆ ಮುಗಿಸಿ ಗುಣವಾದರೆಂದು ಘೋಷಿಸಲ್ಪಟ್ಟ ಹಲವರ ಶ್ವಾಸಕೋಶದ ಸ್ಕ್ಯಾನ್‌ನಲ್ಲಿ ಉರಿಯೂತ ಇನ್ನೂ ಹೊಳೆಯುತ್ತಿತ್ತು, ಕೆಲವರಲ್ಲಿ ರೋಗಾಣು ಇನ್ನೂ ಬದುಕಿರಬಹುದೆಂಬ ಸುಳಿವಾದ ಅದರ ಆರ್‌ಎನ್‌ಎ ಸಹ ಸಿಕ್ಕಿತು. ಅವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಮರಳಲಿಲ್ಲ. ಅಂದರೆ ಕೊನೆಯ ಕೆಲವನ್ನು ಔಷಧ ಕೊಲ್ಲದೆಯೂ ದೇಹವೇ ಹತೋಟಿಯಲ್ಲಿ ಇಟ್ಟುಕೊಳ್ಳುತ್ತಿರಬಹುದು, ಕೆಲವರ ದೇಹ ಅದನ್ನು ಮಾಡಲಾರದೆ ಹೋಗಬಹುದು. ಆದ್ದರಿಂದಲೇ ಹೊಸ ಕೂಟವೊಂದನ್ನು ಪರೀಕ್ಷಿಸುವವರು ಇಂದಿಗೂ ಔಷಧ ನಿಲ್ಲಿಸಿದ ಮೇಲೆ ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ರೋಗಿಗಳನ್ನು ಹಿಂಬಾಲಿಸುತ್ತಾರೆ. ಈಚಿನ ಕೆಲವು ಪ್ರಯೋಗಗಳು ಔಷಧಗಳನ್ನು ಹೋಲಿಸುವುದರ ಜೊತೆಗೆ ಅವಧಿಯನ್ನೇ ಪ್ರಯೋಗದ ವಸ್ತುವಾಗಿಸಿಕೊಂಡಿವೆ: ಒಂದೇ ಕೂಟವನ್ನು ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ವಾರಗಳ ಕಾಲ ಕೊಟ್ಟು, ಎಕ್ಸ್‌ರೇ ಮತ್ತು ಕಫದ ಪರೀಕ್ಷೆಯಲ್ಲಿ ಕಂಡ ಕಾಯಿಲೆಯ ತೀವ್ರತೆಗೂ ಬೇಕಾದ ಅವಧಿಗೂ ಇರುವ ನಂಟನ್ನು ಹುಡುಕುತ್ತಿವೆ.